ಕಾರಿನ ಕಣ್ಣಿಗೆ ಗಡಿ ಕಾಣುವುದಿಲ್ಲ

"ಭಾವ, ಸಾರಡ್ಕ ದಾಟಿದ್ದೇ ತಡ, ಕಾರು ಕುರುಡಾಯಿತು. ನಿಮ್ಮ ಕೇರಳಕ್ಕೆ ಇದೆಲ್ಲ ಆಗಲಿಕ್ಕಿಲ್ಲ!" ಕರ್ನಾಟಕದ ವಿಟ್ಲದಿಂದ ಸಾರಡ್ಕದ ಗಡಿ ದಾಟಿ, ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕಕ್ಕೆ ಉಪನಯನಕ್ಕೆ ಬಂದ ನೆಂಟರೊಬ್ಬರ ಮಾತು. ದಾರಿ ನೋಡಿಕೊಂಡು ಬ್ರೇಕ್, ಸ್ಟೀರಿಂಗಿಗೆ ತಾನೇ ನೆರವಾಗುವ ಕಾರು ಅವರದು; ಅದರ ಮುಂದಿನ ರಾಡಾರ್ ಮುಚ್ಚಿದೆಯೆಂದು ಡ್ಯಾಶ್‌ಬೋರ್ಡ್ ಹೇಳುತ್ತಿತ್ತು. ಮುಚ್ಚಿದ್ದು ಕೇರಳವಲ್ಲ, ಅವರದೇ ತೋಟದ ದಾರಿಯ ಕೆಂಪು ಕೆಸರು. ಕೈಕಾಲು ತೊಳೆಯಲು ಕೊಟ್ಟ ನೀರಿನಲ್ಲೇ ಒಂದು ಚೆಂಬು ಬಂಪರಿಗೆ ಹೊಯ್ದು ಒರೆಸಿದರೆ ಸಾಕಿತ್ತು.

ರಾಡಾರ್ ಹೆಚ್ಚಿನ ಕಾರುಗಳಲ್ಲಿ 77 ಗಿಗಾಹರ್ಟ್ಸ್ ಆಸುಪಾಸಿನ ಅಲೆ ಬಿಡುತ್ತದೆ. ಅಲೆ ಮರಳಲು ಹಿಡಿದ ಹೊತ್ತಿನಿಂದ ದೂರ, ಕಂಪನಾಂಕದ ವ್ಯತ್ಯಾಸದಿಂದ ಎದುರಿನ ವಾಹನದ ವೇಗ ಲೆಕ್ಕ ಸಿಗುತ್ತದೆ. ಒದ್ದೆ ಮಣ್ಣು ಆ ಅಲೆಯನ್ನು ನುಂಗುತ್ತದೆ. ಗೆರೆ, ಮನುಷ್ಯ, ಬೋರ್ಡು ಗುರುತಿಸುವುದು ಒಳಗಿನ ಕನ್ನಡಿಯ ಹಿಂದೆ ಮುಂಗಾಜಿಗಂಟಿದ ಕ್ಯಾಮೆರಾ. ವೇಗಮಿತಿ ತಿಳಿಯಲು ಅದಕ್ಕೆ ವೃತ್ತದೊಳಗಿನ 60 ಕಂಡರೆ ಸಾಕು. ಬೋರ್ಡು ಕನ್ನಡದಲ್ಲಿಲ್ಲ ಎಂಬ ನಮ್ಮ ಗಡಿನಾಡ ಕನ್ನಡಿಗರ ದೂರು ಅದಕ್ಕಿಲ್ಲ.

ಕೇರಳಕ್ಕೆ ಆಗಲಿಕ್ಕಿಲ್ಲ ಎನ್ನುವವರು ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ಹೆದ್ದಾರಿಯಲ್ಲಿ ಒಮ್ಮೆ ಬರಲಿ. ಎರಡೂ ಬದಿ ಬಿಳಿ ಗೆರೆ ಸ್ಪಷ್ಟವಿದ್ದಲ್ಲಿ ಸ್ಟೀರಿಂಗ್ ತಾನೇ ಮೆಲ್ಲ ಸರಿಪಡಿಸಿಕೊಳ್ಳುತ್ತದೆ. ಮುಂದಿನ ವಾಹನದಿಂದ ಕಾರು ತಾನೇ ಅಂತರವನ್ನೂ ಕಾಯುತ್ತದೆ; ಗಂಟೆಗೆ 80 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡಿನ ಅಂತರವೆಂದರೆ ಸುಮಾರು 44 ಮೀಟರ್. ಊರಿನ ಕಡೆ ಅಷ್ಟು ಜಾಗ ಬಿಟ್ಟರೆ ಒಂದು ಆಟೋ, ಎರಡು ಬೈಕು ನುಗ್ಗುತ್ತವೆ. ಪ್ರತಿ ಸಲ ಕಾರು ಬ್ರೇಕ್ ಹಾಕುತ್ತದೆ, ನೆಂಟರು ಸಿಟ್ಟಾಗಿ ಎಲ್ಲವನ್ನೂ ಆಫ್ ಮಾಡುತ್ತಾರೆ. ಆಫ್ ಮಾಡುವ ಬದಲು ಗೆರೆಯಿಲ್ಲದ ದಾರಿಯಲ್ಲಿ ಲೇನ್ ಅಸಿಸ್ಟ್ (ಪಥದಲ್ಲೇ ಉಳಿಸುವ ಸ್ಟೀರಿಂಗ್ ನೆರವು) ಮಾತ್ರ ತೆಗೆದು, ತುರ್ತು ಬ್ರೇಕ್ ಉಳಿಸಿಕೊಳ್ಳಬಹುದಲ್ಲ? ಹಾಗೆಂದು ಅದನ್ನೇ ನಂಬಿ ಕೂರುವಂತಿಲ್ಲ. ಸೇತುವೆ, ಕಂಬಗಳಿಗೆಲ್ಲ ಬ್ರೇಕ್ ಬೀಳಬಾರದೆಂದು ಅನೇಕ ಕಾರುಗಳು ನಿಂತ ವಸ್ತುವಿನಿಂದ ಮರಳುವ ರಾಡಾರ್ ಅಲೆಯನ್ನು ಕಡೆಗಣಿಸುತ್ತವೆ. ವೇಗದಲ್ಲಿದ್ದಾಗ, ಕೆಟ್ಟು ನಿಂತ ಲಾರಿಯೂ ಆ ಲೆಕ್ಕಕ್ಕೇ ಸೇರಿಬಿಡಬಹುದು.

ಒಪ್ಪಬೇಕಾದ್ದೂ ಇದೆ. ಪೆರ್ಲದ ಒಳದಾರಿಗೆ ಇಳಿದರೆ ನಮ್ಮಲ್ಲೂ ಗೆರೆಯಿಲ್ಲ. ಆಷಾಢದ ಮಳೆಯಲ್ಲಿ ಹೆದ್ದಾರಿಯ ಗೆರೆಯೂ ನೀರಿನಡಿ ಹೊಳೆದು ಮಾಯವಾಗುತ್ತದೆ. ಇನ್ನು ಮುಂಗಾಜು ಬದಲಿಸಿದರೆ ಕ್ಯಾಮೆರಾಕ್ಕೆ ಮತ್ತೆ ಗುರಿ ಹೊಂದಿಸಬೇಕು: ಸಮತಟ್ಟು ನೆಲ, ಟಯರಿಗೆ ಸರಿಯಾದ ಗಾಳಿ, ಖಾಲಿ ಡಿಕ್ಕಿ, ಕಂಪನಿ ಹೇಳಿದಷ್ಟೇ ದೂರದಲ್ಲಿ ಗುರಿಹಲಗೆ. ಒಂದು ಡಿಗ್ರಿ ತಪ್ಪಿದರೆ 100 ಮೀಟರ್ ಆಚೆ 1.75 ಮೀಟರ್ ವ್ಯತ್ಯಾಸ, ಅಂದರೆ ಅರ್ಧ ಪಥ. ಈ ಕೆಲಸಕ್ಕೆ ನಮ್ಮವರು ಹೆಚ್ಚಾಗಿ ಹೋಗುವುದು ಮಂಗಳೂರಿಗೆ. ಆಸ್ಪತ್ರೆಗೆ ಮಂಗಳೂರು, ಕಾಲೇಜಿಗೆ ಮಂಗಳೂರು, ಈಗ ಕಾರಿನ ಕಣ್ಣಿಗೂ. ಇದನ್ನು ಮಾತ್ರ ವಿಟ್ಲದ ಭಾವನಿಗೆ ಹೇಳಲಿಲ್ಲ.