ಬೀರುವಿನಲ್ಲಿ ಉಳಿದ ರಿಪೋರ್ಟು

ಬಸುರಿಯರಿಗೆಲ್ಲ ಹೆಪಟೈಟಿಸ್ ಬಿ ಟೆಸ್ಟ್ ಯಾಕೆ ಮಾರಾಯ, ಹೆಚ್ಚಿನವರದ್ದು ನೆಗೆಟಿವ್ವೇ ಬರುತ್ತಲ್ಲ, ದುಡ್ಡು ದಂಡ ಅಲ್ವಾ ಅಂತ ಮೊನ್ನೆ ಗೆಳೆಯನೊಬ್ಬ ಕೇಳಿದ. ದಾವಣಗೆರೆಯ ಲ್ಯಾಬೊಂದರಲ್ಲಿ ದಿನಾ ಇದೇ ಕೆಲಸ ನನ್ನದು. ನಾಕು ಹನಿ ರಕ್ತ, ಕಾಲು ಗಂಟೆ, ಕಾರ್ಡಿನ ಮೇಲೆ ಒಂದು ಗೆರೆ ಬಂದರೆ ನೆಗೆಟಿವ್, ಎರಡು ಬಂದರೆ ಪಾಸಿಟಿವ್. ಕಿಟ್ಟಿನ ದುಡ್ಡಲ್ಲಿ ಇಬ್ಬರು ಬೆಣ್ಣೆ ದೋಸೆ ತಿನ್ನಬಹುದು, ಅಷ್ಟೇ.

ಲೆಕ್ಕ ಇರೋದು ಆ ಎರಡನೇ ಗೆರೆಯಲ್ಲಿ. ದೊಡ್ಡವರಿಗೆ ಲಿವರ್ ಹಾಳು ಮಾಡೋ ಈ ವೈರಸ್ ತಗುಲಿದರೆ ಬಹುಪಾಲು ಮಂದಿಗೆ ತಾನಾಗೇ ಹೋಗುತ್ತೆ. ಹೆರಿಗೆ ಹೊತ್ತಲ್ಲಿ ಕೂಸಿಗೆ ತಗುಲಿದರೆ ಹತ್ತರಲ್ಲಿ ಒಂಬತ್ತಕ್ಕೆ ಗಟ್ಟಿಯಾಗಿ ಕೂತುಬಿಡುತ್ತೆ. ದುಡಿಯೋ ವಯಸ್ಸಿಗೆ ಬಂದಾಗ ಸಿರೋಸಿಸ್ ಅಂತ ಲಿವರ್ ಗಟ್ಟಿಯಾಗಿ ಕೆಡೋ ಕಾಯಿಲೆ, ಇಲ್ಲಾ ಲಿವರ್ ಕ್ಯಾನ್ಸರ್ ಬರಬಹುದು. ಆಗಿನ ಆಸ್ಪತ್ರೆ ಬಿಲ್ಲಿನಲ್ಲಿ ಎಷ್ಟು ಕಿಟ್ ಬರುತ್ತವೆ ನೀವೇ ಎಣಿಸಿ.

ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಹಾಕ್ತಾರಲ್ಲ ಅಂದ. ಹಾಕಲೇಬೇಕು. ಆದರೆ ತಾಯಿ ಮೈಯಲ್ಲಿ ವೈರಸ್ ಜಾಸ್ತಿ ಇದ್ದರೆ ಅದೊಂದೇ ಸಾಲಲ್ಲ. ಅಂಥವರಿಗೆ 28ನೇ ವಾರದಿಂದ ವೈರಸ್ ತಗ್ಗಿಸೋ ಟೆನೊಫೊವಿರ್ ಮಾತ್ರೆ. ಪಾಸಿಟಿವ್ ತಾಯಿಯ ಕೂಸಿಗೆ ಲಸಿಕೆ ಜೊತೆ ಇನ್ನೊಂದು ತೊಡೆಗೆ ಇಮ್ಯುನೊಗ್ಲೋಬ್ಯುಲಿನ್ ಇಂಜೆಕ್ಷನ್, ಅಂದರೆ ವೈರಸ್ ತಡೆಯೋ ರೆಡಿಮೇಡ್ ಪ್ರತಿಕಾಯ. ಟೆಸ್ಟ್ ಮಾಡದೆ ಯಾರಿಗೆ ಅಂತ ಕೊಡೋದು? ಲಿವರಿನ ಇನ್ನೊಂದು ವೈರಸ್ ಹೆಪಟೈಟಿಸ್ ಸಿ ಮಾತು ಬೇರೆ. ಅದಕ್ಕೆ ಲಸಿಕೆಯೇ ಇಲ್ಲ, ಮಾತ್ರೆ ಸಾಮಾನ್ಯವಾಗಿ ಹೆರಿಗೆ ಆದಮೇಲೇ. ದುಡ್ಡು ಕಡಿಮೆ ಇದ್ದರೆ ನಾನು ಮೊದಲು ಬಿ ಅಂತೀನಿ.

ನನ್ನ ಸಿಟ್ಟು ಬೇರೆ ಕಡೆ ಇದೆ. ನಮ್ಮಲ್ಲಿ ಟೆಸ್ಟ್ ಗಂಡನ ಊರಲ್ಲಿ, ಹೆರಿಗೆ ತವರಲ್ಲಿ. ಅಕ್ಕನ ಮಗಳದ್ದು ಪಾಸಿಟಿವ್ ಅಂತ ಐದನೇ ತಿಂಗಳಲ್ಲೇ ಗೊತ್ತಾಗಿತ್ತು. ಕುಬುಸ ಮುಗಿಸಿ ಜಗಳೂರಿಗೆ ಹೊರಟಾಗ ಸೀರೆ, ಬಳೆ, ಚಕ್ಕುಲಿ ಡಬ್ಬಿ ಎಲ್ಲಾ ಹೋಯ್ತು. ಫೈಲು ಮಾತ್ರ ಇಲ್ಲೇ ಬೀರುವಿನಲ್ಲಿ! ತಾಯಿ ಕಾರ್ಡಿನಲ್ಲಿ ಆ ಜಾಗ ಖಾಲಿ ಬಿಟ್ಟಿದ್ದರು. ರಾತ್ರಿ ಎರಡಕ್ಕೆ ಹೆರಿಗೆ. ನರ್ಸಮ್ಮ ಕೇಳಿದರೆ "ಎಲ್ಲಾ ನಾರ್ಮಲ್ಲೇ ಇತ್ತು ಕಣಮ್ಮ" ಅಂದಳಂತೆ ನಮ್ಮಕ್ಕ. ಬೆಳಗ್ಗೆ ಫೋನಲ್ಲಿ ಅದನ್ನ ಕೇಳಿ ನನ್ನ ಕೈಕಾಲು ತಣ್ಣಗಾಯ್ತು. ಅಳಿಯ ಬೀರು ತೆಗೆದು ರಿಪೋರ್ಟಿನ ಫೋಟೋ ವಾಟ್ಸಾಪ್ ಮಾಡಿದ. ಇಂಜೆಕ್ಷನ್ ಹುಡುಕಿ ತರಿಸಿ, ಕೂಸಿಗೆ ಚುಚ್ಚುವಾಗ ಮಧ್ಯಾಹ್ನ ಹನ್ನೆರಡೂವರೆ. ಹುಟ್ಟಿದ ಹನ್ನೆರಡು ತಾಸಿನೊಳಗೆ ಕೊಡಬೇಕು ಅನ್ನೋ ಗಡುವಿಗೆ ಇನ್ನೂ ಒಂದೂವರೆ ತಾಸಿತ್ತು.

(ಅತ್ತೆ ಹಾಲು ಕುಡಿಸಬೇಡ ಅಂತ ಹಟ ಹಿಡಿದಿದ್ದು ಬೇರೆ. ಕುಡಿಸಬಹುದು. ತಟ್ಟೆ ಲೋಟಾನೂ ಬೇರೆ ಇಡಬೇಕಿಲ್ಲ.)

ಈಗ ಪಾಸಿಟಿವ್ ಬಂದವರಿಗೆ ರಿಪೋರ್ಟ್ ಕೊಡೋ ಮುಂಚೆ ಒಂದೇ ಮಾತು ಕೇಳ್ತೀನಿ: "ತವರು ಯಾವೂರಮ್ಮ? ತಾಯಿ ಕಾರ್ಡ್ ತಂದಿದೀಯಾ, ತೆಗಿ ಇಲ್ಲಿ."