ಪೇಟೆಂಟ್ ಪ್ರಶ್ನಿಸುವವರ ಹೊಟ್ಟೆಪಾಡು

ಪೇಟೆಂಟ್ ಅಂದ್ರೆ ಕಂಪನಿಗಳ ಜಗಳ, ನಮಗ್ಯಾಕೆ ಅನ್ನುವವರು ನೆಕ್ಸಾವರ್ ವಿಷಯ ಒಮ್ಮೆ ತಿಳಿದುಕೊಳ್ಳಬೇಕು. ಲಿವರ್, ಕಿಡ್ನಿ ಕ್ಯಾನ್ಸರಿಗೆ ಕೊಡುವ ಈ ಮಾತ್ರೆಗೆ ಬೇಯರ್ ಕಂಪನಿ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಬೆಲೆ ಇಟ್ಟಿತ್ತು. 2012ರ ಮಾರ್ಚಿನಲ್ಲಿ ಪೇಟೆಂಟ್ ಕಂಟ್ರೋಲರ್ ಅದನ್ನು ತಯಾರಿಸಲು ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಕಡ್ಡಾಯ ಲೈಸೆನ್ಸ್, ಅಂದರೆ ಪೇಟೆಂಟ್ ಇರುವವರು ಒಪ್ಪದಿದ್ದರೂ ತಯಾರಿಸುವ ಅನುಮತಿ ಕೊಟ್ಟರು. ದರ ತಿಂಗಳಿಗೆ 8,880 ರೂಪಾಯಿ ಮೀರಬಾರದು ಅಂದರು. ಆ ಆದೇಶಕ್ಕೆ ಆಧಾರವಾದ ಕಾಗದಗಳಲ್ಲಿ ಒಂದು ಫಾರ್ಮ್ 27. ಪೇಟೆಂಟ್ ಇರುವವರು ಆ ಸರಕನ್ನು ಇಲ್ಲಿ ಎಷ್ಟು ತಯಾರಿಸಿದೆವು, ಎಷ್ಟು ಆಮದು ಮಾಡಿಕೊಂಡೆವು ಅಂತ ಆಗ ಬರೆದುಕೊಡಬೇಕಾಗಿದ್ದ ಫಾರ್ಮು. ಔಷಧ ಎಷ್ಟು ಕಡಿಮೆ ರೋಗಿಗಳನ್ನು ಮುಟ್ಟಿದೆ ಅನ್ನುವುದು ಬೇಯರ್ ತಾನೇ ಕೊಟ್ಟ ಅಂಕಿಗಳಿಂದ ಬಯಲಾಯಿತು.

ಎಷ್ಟೋ ಕಂಪನಿಗಳು ಈ ಫಾರ್ಮನ್ನು ಅರೆಬರೆ ತುಂಬಿ ಕೈತೊಳೆದುಕೊಳ್ಳುತ್ತವೆ ಅಂತ ದೆಹಲಿ ಹೈಕೋರ್ಟಿಗೆ ಹೋದವರು ಶಮ್ನಾದ್ ಬಷೀರ್. ನಮ್ಮ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲೇ ಓದಿದವರು. ಗ್ಲಿವೆಕ್ ಅನ್ನುವ ರಕ್ತ ಕ್ಯಾನ್ಸರ್ ಔಷಧದ ಪೇಟೆಂಟ್ ಕೇಸಿನಲ್ಲೂ ಯಾವ ಕಂಪನಿಯ ವಕೀಲರಾಗಿಯೂ ಅಲ್ಲ, ಪ್ರಾಧ್ಯಾಪಕರಾಗಿ ಸುಪ್ರೀಂ ಕೋರ್ಟಿನ ಮುಂದೆ ನಿಂತರು. 2019ರಲ್ಲಿ ತೀರಿಕೊಂಡರು. 2024ರ ಹೊಸ ನಿಯಮಗಳಲ್ಲಿ ಆ ಫಾರ್ಮನ್ನು ವರ್ಷಕ್ಕೊಮ್ಮೆಯ ಬದಲು ಮೂರು ವರ್ಷಕ್ಕೊಮ್ಮೆ ಕೊಟ್ಟರೆ ಸಾಕು. ಪೇಟೆಂಟ್ ಕೊಡುವ ಮೊದಲು ಯಾರು ಬೇಕಾದರೂ ಪುಕ್ಕಟೆ ಆಕ್ಷೇಪಣೆ ಸಲ್ಲಿಸಬಹುದಿತ್ತು, ಅದಕ್ಕೂ ಈಗ ಶುಲ್ಕ.

ಆ ‘ಯಾರು ಬೇಕಾದರೂ’ ಅನ್ನುವ ಅವಕಾಶ ಸಣ್ಣದಲ್ಲ. ಟಿಬಿಯನ್ನು ಗೆದ್ದು ಬಂದ ಇಬ್ಬರು ಹೆಣ್ಣುಮಕ್ಕಳು, ಮುಂಬೈನ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ, ಬೆಡಾಕ್ವಿಲಿನ್ ಔಷಧದ ಎರಡನೇ ಪೇಟೆಂಟಿಗೆ ತಡೆ ಒಡ್ಡಿದ್ದು ಇದೇ ದಾರಿಯಲ್ಲಿ. ಟಿಬಿ ಔಷಧಗಳ ಅಡ್ಡಪರಿಣಾಮದಿಂದ ಇಬ್ಬರೂ ಕೇಳುವ ಶಕ್ತಿ ಕಳೆದುಕೊಂಡಿದ್ದವರು. ಅದೇ ಔಷಧವನ್ನು ಲವಣದ ರೂಪದಲ್ಲಿ ಮಾತ್ರೆ ಮಾಡಿ ಇನ್ನೂ ನಾಲ್ಕು ವರ್ಷ ಏಕಸ್ವಾಮ್ಯ ಕೇಳಿದ್ದ ಜಾನ್ಸನ್ ಅಂಡ್ ಜಾನ್ಸನ್ ಅರ್ಜಿ 2023ರ ಮಾರ್ಚಿನಲ್ಲಿ ವಜಾ ಆಯಿತು.

ಇಂಥ ಆಕ್ಷೇಪಣೆ ಬರೆಯುವುದು ಘೋಷಣೆ ಕೂಗಿದಷ್ಟು ಸುಲಭ ಅಲ್ಲ. ಕ್ಲೇಮುಗಳನ್ನು, ಅಂದರೆ ಇದು ನಮ್ಮ ಹೊಸ ಶೋಧ ಅಂತ ಅರ್ಜಿಯಲ್ಲಿ ಹಕ್ಕು ಕೇಳುವ ಸಾಲುಗಳನ್ನು, ಒಂದೊಂದಾಗಿ ಬಿಡಿಸಿ, ಇದು ಇಂಥ ವರ್ಷದ ಇಂಥ ದಾಖಲೆಯಲ್ಲಿ ಮೊದಲೇ ಇದೆ ಅಂತ ತೋರಿಸಬೇಕು. ರಸಾಯನಶಾಸ್ತ್ರವೂ ಬರಬೇಕು, ಕಾನೂನೂ ಬರಬೇಕು. ತಮಾಷೆ ಏನಂದ್ರೆ, ಪೇಟೆಂಟ್ ಕಚೇರಿಯಲ್ಲಿ ಬೇರೆಯವರ ಪರ ಕೆಲಸ ಮಾಡುವ ಪೇಟೆಂಟ್ ಏಜೆಂಟ್ ಆಗುವ ಪರೀಕ್ಷೆ ಬರೆಯಲು ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಕಡ್ಡಾಯ. ಲಕ್ಷಗಟ್ಟಲೆ ಫೀಸು ಕಟ್ಟಿ ಬಿಎ ಎಲ್‌ಎಲ್‌ಬಿ ಮಾಡಿದವರಿಗೆ ಅವಕಾಶ ಇಲ್ಲ. ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿಗೆ ಬಂದವರಿಗೆ ಇದೆ. ನನ್ನ ಕ್ಲಾಸಿನಲ್ಲಿ ಅಂಥವರೇ ಜಾಸ್ತಿ. ಕೆಮಿಸ್ಟ್ರಿಯಲ್ಲಿ ಗಟ್ಟಿಯಾಗಿರುವ ಒಬ್ಬಳು ಕೇಳಿದಳು: ‘ಕೆಲಸ ಚೆನ್ನಾಗಿದೆ ಮೇಡಂ, ಆದ್ರೆ ತಿಂಗಳ ಕೊನೇಲಿ ದುಡ್ಡು ಕೊಡೋರ್ಯಾರು?’

ನ್ಯಾಯವಾದ ಪ್ರಶ್ನೆ. ಕಂಪನಿ ಪರ ಪೇಟೆಂಟ್ ಬರೆಯುವ ಫರ್ಮುಗಳು ಬೆಂಗಳೂರಿನ ತುಂಬ ಇವೆ. ರೋಗಿಗಳ ಪರ ಅದೇ ಕೆಲಸ ಮಾಡುವವರು ಬೆರಳೆಣಿಕೆ, ಅವರದೂ ದೇಣಿಗೆಯ ಮೇಲೆ ಬದುಕು. ಇದನ್ನು ತ್ಯಾಗ, ಸೇವೆ ಅಂತ ಹೊಗಳಿ ಸನ್ಮಾನ ಮಾಡಿ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಸ್ಟಾರ್ಟ್‌ಅಪ್‌ಗಳ ಪೇಟೆಂಟ್ ಖರ್ಚನ್ನು ಮರಳಿ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿದೆ. ಪರಿಶಿಷ್ಟ ವರ್ಗಗಳ ಹೊಸ ವಕೀಲರಿಗೆ ಶಿಷ್ಯವೇತನವೂ ಇದೆ. ಇವೆರಡರ ಮಧ್ಯೆ ಇನ್ನೊಂದು ಬಾಬ್ತು ಸೇರಿಸಲಿ: ವರ್ಷಕ್ಕೆ ಹತ್ತು ಜನ ಬಿಎಸ್ಸಿ-ಎಲ್‌ಎಲ್‌ಬಿಗಳಿಗೆ ಮೂರು ವರ್ಷದ ಸಂಬಳ. ಔಷಧ, ಬೀಜ, ವೈದ್ಯಕೀಯ ಉಪಕರಣಗಳ ಪೇಟೆಂಟ್ ಅರ್ಜಿ ಓದಿ, ಟೊಳ್ಳಾದವಕ್ಕೆ ಆಕ್ಷೇಪಣೆ ಬರೆಯುವುದೇ ಅವರ ಕೆಲಸ.

ಉದ್ಯಮಕ್ಕೆ ಕಲ್ಲು ಹಾಕುವ ಮಾತಾಯ್ತಲ್ಲ ಅಂತ ಸ್ನೇಹಿತರೊಬ್ಬರು ಆಗಲೇ ಗೊಣಗಿದ್ದಾರೆ. ಟೊಳ್ಳು ಪೇಟೆಂಟು ಮೊದಲು ಅಡ್ಡ ಬರುವುದು ಪೀಣ್ಯದ ಸಣ್ಣ ಕಾರ್ಖಾನೆಯವನಿಗೇ ಸ್ವಾಮಿ. ದೊಡ್ಡವರ ನೋಟಿಸು ಬಂದರೆ ಕೋರ್ಟಿಗೆ ಅಲೆಯಲು ಅವನ ಹತ್ತಿರ ದುಡ್ಡಿರುವುದಿಲ್ಲ.