ಚಿಲಕವಿಲ್ಲದ ಎಂಗೇಜ್‌ಮೆಂಟ್

"ಶುಕ್ರವಾರ ಮೂರು ಗಂಟೆಗೆ ಎಂಗೇಜ್‌ಮೆಂಟ್ ಇದೆ, ತಪ್ಪಿಸ್ಕೊಳ್ಳೋ ಹಾಗಿಲ್ಲ" ಅಂತ ಫೋನಿನಲ್ಲಿ ಹೇಳುತ್ತಿದ್ದೆ. ಅವರೆಕಾಳು ಹಿಚುಕುತ್ತಿದ್ದ ಅಮ್ಮನ ಕೈ ನಿಂತಿತು.

"ಯಾರದ್ದೋ?"

"ನಮ್ಮೆಲ್ಲರದ್ದೂ ಅಮ್ಮ. ಕಂಪನಿ ಜೊತೆ."

"ಹೋದ ವರ್ಷಾನೂ ಆಗಿತ್ತಲ್ಲೋ?"

"ವರ್ಷಾ ವರ್ಷಾ ಆಗುತ್ತೆ."

"ಹಂಗಾದ್ರೆ ಮದುವೆ ಯಾವಾಗ?"

ಹದಿನೇಳು ವರ್ಷದಿಂದ ಐಟಿಯಲ್ಲಿದ್ದೇನೆ. ಇಷ್ಟು ಸರಿಯಾದ ಪ್ರಶ್ನೆಯನ್ನು ಯಾವ ಎಚ್‌ಆರ್ ಕೂಡ ಕೇಳಿಲ್ಲ.

ಅಮ್ಮನಿಗೆ ಬಿಡಿಸಿ ಹೇಳಿದೆ. ಕೆಲಸಗಾರನ ಮನಸ್ಸು ಕೆಲಸದಲ್ಲಿ ಎಷ್ಟು ನೆಟ್ಟಿದೆ ಅಂತ ಅಳೆಯುತ್ತಾರೆ, ಅದಕ್ಕೆ ಎಂಗೇಜ್‌ಮೆಂಟ್ ಅಂತಾರೆ. ಗ್ಯಾಲಪ್ ಅನ್ನುವ ಅಮೆರಿಕದ ಸಂಸ್ಥೆ ಇಡೀ ಜಗತ್ತಿನದ್ದನ್ನು ಅಳೆಯುತ್ತದೆ. ಅವರ ಲೆಕ್ಕದಲ್ಲಿ 2024ರಲ್ಲಿ ಹೀಗೆ ಮನಸ್ಸಿಟ್ಟು ದುಡಿಯುವವರು ನೂರಕ್ಕೆ 21 ಜನ. ಮ್ಯಾನೇಜರುಗಳಲ್ಲಿ 27, ಅದೂ ಹಿಂದಿನ ವರ್ಷದ 30ರಿಂದ ಇಳಿದದ್ದು. ಅಂದರೆ ನಮ್ಮ ಮನಸ್ಸನ್ನು ಕೆಲಸದಲ್ಲಿ ನೆಡುವುದಕ್ಕೆ ಬರುತ್ತಾರಲ್ಲ, ಆ ಮ್ಯಾನೇಜರುಗಳ ಪೈಕಿ ನಾಲ್ವರಲ್ಲಿ ಸುಮಾರು ಮೂವರ ಮನಸ್ಸು ಬೇರೆಲ್ಲೋ ಇದೆ. ಪುರೋಹಿತರೇ ಮೊಬೈಲ್ ನೋಡುತ್ತಾ ಮಂತ್ರ ಹೇಳಿದ ಹಾಗೆ.

ಈ ನಿಶ್ಚಿತಾರ್ಥದ ಮೊದಲ ಶಾಸ್ತ್ರ ಸರ್ವೆ. ಒಟ್ಟು 42 ಪ್ರಶ್ನೆ. ಒಂದರಿಂದ ಐದರವರೆಗೆ ಅಂಕ. ಮೇಲ್ಗಡೆ ದಪ್ಪಕ್ಷರದಲ್ಲಿ "ನಿಮ್ಮ ಹೆಸರು ಯಾರಿಗೂ ಗೊತ್ತಾಗುವುದಿಲ್ಲ" ಅಂತ ಬರೆದಿರುತ್ತದೆ. ನಾನು ಎರಡು ದಿನ ಸುಮ್ನಿದ್ದೆ. ಮೂರನೇ ದಿನ ಮೇಲ್ ಬಂತು: "ನೀವು ಇನ್ನೂ ತುಂಬಿಲ್ಲ." ಹೆಸರೇ ಗೊತ್ತಿಲ್ಲದವರು ನನ್ನನ್ನೇ ಹುಡುಕಿಕೊಂಡು ಬಂದಿದ್ದರು.

ಸರಿ, ತೆರೆದೆ. ಹೆಸರು ಬೇಡ. ವಯಸ್ಸು ಹೇಳಿ, ಯಾವ ಟೀಮು ಹೇಳಿ, ಯಾವ ಮಹಡಿ ಹೇಳಿ, ಯಾವ ವರ್ಷ ಸೇರಿದಿರಿ ಹೇಳಿ. ನಮ್ಮ ಟೀಮಿನಲ್ಲಿ 2008ರಲ್ಲಿ ಸೇರಿದವನು ನಾನೊಬ್ಬನೇ. ಬ್ಲಡ್ ಗ್ರೂಪ್ ಒಂದನ್ನು ಬಿಟ್ಟಿದ್ದರು, ಅದು ಐಡಿ ಕಾರ್ಡಿನ ಹಿಂದೆ ಹೇಗೂ ಇದೆ.

ಅಷ್ಟರಲ್ಲಿ ಮ್ಯಾನೇಜರ್ ಒಬ್ಬೊಬ್ಬರನ್ನೇ ಕಾಫಿಗೆ ಕರೆದರು. "ನಾನು ಯಾವ ಒತ್ತಡಾನೂ ಹಾಕ್ತಿಲ್ಲ ಸಾರ್. ಮನಸ್ಸಿಗೆ ಬಂದದ್ದೇ ಬರೀರಿ. ಆದ್ರೆ ಮೂರು ಕೊಟ್ರೆ ಅದನ್ನ ಒಳ್ಳೇದು ಅಂತ ಲೆಕ್ಕಕ್ಕೆ ತಗೊಳ್ಳಲ್ಲ, ನಾಲ್ಕರಿಂದ ಶುರು. ಕಮ್ಮಿ ಬಂದ ಟೀಮು ಆಕ್ಷನ್ ಪ್ಲಾನ್ ಮಾಡ್ಬೇಕು, ಅದಕ್ಕೆ ವಾಲಂಟಿಯರ್ ಬೇಕಾಗ್ತಾರೆ. ಸೀನಿಯರ್ ಅಂದ್ರೆ ನೀವೇ ಅಲ್ವಾ?" ಅವರ ಬೋನಸ್ಸೂ ಈ ಅಂಕಕ್ಕೇ ಗಂಟು ಬಿದ್ದಿದೆ, ಪಾಪ. ಎರಡು ಸಣ್ಣ ಮಕ್ಕಳು. ನಾಲ್ಕು ಕೊಟ್ಟೆ. ಎಲ್ಲರೂ ಕೊಟ್ಟರು. ಫಲಿತಾಂಶ ಬಂದಾಗ ಎಚ್‌ಆರ್ ಮೇಡಂ "ಈ ಟೀಮಿನಲ್ಲಿ ಅದ್ಭುತ ಒಗ್ಗಟ್ಟಿದೆ" ಅಂದರು. ಅದು ಮಾತ್ರ ನಿಜ.

ಒಂದು ಪ್ರಶ್ನೆಗೆ ಮಾತ್ರ ಕೈ ತಡೆಯಿತು. "ಕೆಲಸದ ಜಾಗದಲ್ಲಿ ನನಗೊಬ್ಬ ಆಪ್ತ ಗೆಳೆಯನಿದ್ದಾನೆ." ಇದು ಗ್ಯಾಲಪ್‌ನವರ ಹಳೇ ಪಟ್ಟಿಯಿಂದ ಬಂದದ್ದು, ಎಲ್ಲ ಕಡೆ ಕೇಳುತ್ತಾರೆ. ಇದ್ದ. ಕಿಟಕಿ ಪಕ್ಕದ ಸೀಟು. ಮಾರ್ಚ್ ತಿಂಗಳ ಒಂದು ಮಂಗಳವಾರ ಗೇಟಿನಲ್ಲಿ ಅವನ ಕಾರ್ಡಿಗೆ ಹಸಿರು ದೀಪ ಹತ್ತಲಿಲ್ಲ. ಅವನನ್ನು ತೆಗೆದದ್ದೂ ಇವರೇ, ಗೆಳೆಯ ಇದ್ದಾನಾ ಅಂತ ಕೇಳುವುದೂ ಇವರೇ. "ಅನ್ವಯಿಸುವುದಿಲ್ಲ" ಅಂತ ಒತ್ತಿದೆ.

ತೆಗೆದರು ಅನ್ನಬಾರದಂತೆ. "ರಿಲೀಸ್" ಅನ್ನಬೇಕು. 2025ರ ಜುಲೈನಲ್ಲಿ ಟಿಸಿಎಸ್ 12 ಸಾವಿರಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿದಾಗಲೂ ಬಳಸಿದ ಮಾತು ಇದೇ. ಕನ್ನಡದವರಿಗೆ ಬಿಡುಗಡೆ ಅಂದರೆ ಸಿನಿಮಾ, ಜೈಲು, ಇಲ್ಲವೇ ಕೆಆರ್‌ಎಸ್‌ನಿಂದ ನೀರು. ನೀರಿನದ್ದೇ ವಾಸಿ. ಎಷ್ಟು ಕ್ಯೂಸೆಕ್ ಅಂತ ಪೇಪರಿನಲ್ಲಿ ಬರುತ್ತದೆ, ಕೇಳುವುದಕ್ಕೊಂದು ಪ್ರಾಧಿಕಾರ ಇದೆ, ಜಾಸ್ತಿ ಬಿಟ್ಟರೆ ಮಂಡ್ಯದಲ್ಲಿ ರಸ್ತೆ ತಡೆ ಆಗುತ್ತದೆ. ನನ್ನ ಗೆಳೆಯನನ್ನು ಬಿಟ್ಟಾಗ ಒಂದು ಬಸ್ಸೂ ನಿಲ್ಲಲಿಲ್ಲ.

ಇನ್ನು ನಿಜ ಬರೆದರೆ ಏನಾಗುತ್ತದೆ? 2024ರ ಡಿಸೆಂಬರಿನಲ್ಲಿ ಯೆಸ್‌ಮೇಡಂ ಅನ್ನುವ ಕಂಪನಿಯ ಒಂದು ಮೇಲ್ ಎಲ್ಲ ಕಡೆ ಓಡಾಡಿತು. ಒತ್ತಡ ಇದೆಯಾ ಅಂತ ನೌಕರರನ್ನು ಸರ್ವೆಯಲ್ಲಿ ಕೇಳಿದರಂತೆ, ತುಂಬಾ ಇದೆ ಅಂದವರನ್ನು ಮನೆಗೆ ಕಳಿಸಿದರಂತೆ. ದೇಶಕ್ಕೆ ದೇಶವೇ ಉಗಿದ ಮೇಲೆ, ಯಾರನ್ನೂ ತೆಗೆದಿಲ್ಲ, ಒತ್ತಡದ ಬಗ್ಗೆ ಜನ ಮಾತಾಡಲಿ ಅಂತ ಬೇಕಂತಲೇ ಮಾಡಿದ್ದು ಅಂತ ಕಂಪನಿ ಹೇಳಿತು. ನನಗೆ ಆಶ್ಚರ್ಯ ಆದದ್ದು ಬೇರೆ. ಮೊದಲ ಸುದ್ದಿಯನ್ನು ಓದಿ ನಮ್ಮ ಆಫೀಸಿನಲ್ಲಿ ಒಬ್ಬರೂ "ಇದು ಸುಳ್ಳಿರಬೇಕು" ಅನ್ನಲಿಲ್ಲ.

ಗಂಡಿನ ಕಡೆ ಹಿರಿಯರ ಮಾತುಗಳೂ ಇವೆ. 2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಲಿ ಅಂದರು. 2025ರ ಜನವರಿಯಲ್ಲಿ ಎಲ್‌ ಅಂಡ್‌ ಟಿಯ ಮುಖ್ಯಸ್ಥ ಸುಬ್ರಹ್ಮಣ್ಯನ್ ಅವರ 90 ಗಂಟೆ ಹೊರಬಂತು, ಭಾನುವಾರ ಮನೆಯಲ್ಲಿ ಕೂತು ಹೆಂಡತಿ ಮುಖ ಎಷ್ಟು ಹೊತ್ತು ನೋಡುತ್ತೀರಿ ಅನ್ನುವ ಪ್ರಶ್ನೆಯ ಸಮೇತ. ನಮ್ಮ ಎಚ್‌ಆರ್ ಅದೇ ವಾರ "ಕೆಲಸ ಮತ್ತು ಬದುಕಿನ ಸಮತೋಲನ" ಅಂತ ವೆಬಿನಾರ್ ಇಟ್ಟಿದ್ದರು. ರಾತ್ರಿ ಎಂಟೂವರೆಗೆ.

ಎರಡನೇ ಶಾಸ್ತ್ರ, ಮನೆ ತುಂಬಿಸಿಕೊಳ್ಳುವುದು. 2020ರಲ್ಲಿ ಮನೆಯಿಂದಲೇ ಕೆಲಸ ಎಷ್ಟು ಚೆನ್ನಾಗಿ ನಡೆಯುತ್ತಿದೆ ಅಂತ ನಮಗೆ ಕೇಕ್ ಕಳಿಸಿದ್ದರು. ಈಗ ವಾರಕ್ಕೆ ಐದೂ ದಿನ ಆಫೀಸಿಗೆ ಬರಬೇಕು. ಮುಖ ನೋಡಿದರೆ ಬಾಂಧವ್ಯ ಬೆಳೆಯುತ್ತದಂತೆ. ಕೆಂಗೇರಿಯಿಂದ ಔಟರ್ ರಿಂಗ್ ರೋಡಿಗೆ ಬರುವ ಹೊತ್ತಿಗೆ ಬಾಂಧವ್ಯ ಬೆಳೆದಿರುವುದು ಮುಂದಿನ ಟೆಂಪೋದ ಹಿಂಭಾಗದ ಜೊತೆ. ಆ ರಸ್ತೆ ಎಂಥದ್ದು ಅಂದರೆ, 2025ರ ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ವಿಪ್ರೊ ಕ್ಯಾಂಪಸ್ಸಿನ ಒಳಗಿಂದ ಒಂದಷ್ಟು ಗಾಡಿ ಬಿಡಿ ಅಂತ ಅಜೀಂ ಪ್ರೇಮ್‌ಜಿಯವರಿಗೆ ಪತ್ರ ಬರೆದರು. ಆಗಲ್ಲ ಅಂತ ಉತ್ತರ ಬಂತು. ಆ ದಾರಿಯಲ್ಲಿ ಎರಡೂವರೆ ಗಂಟೆ ಕಳೆದು, ಸೀಟು ಹುಡುಕಿ, ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿಗೆ ಕೂರುತ್ತೇನೆ. ಮೀಟಿಂಗಿನಲ್ಲಿ ಎಂಟು ಜನ. ಆರು ಜನ ಪುಣೆಯಲ್ಲಿ. ದೊಡ್ಡ ಬಾಸ್ ಡಲ್ಲಾಸಿನಲ್ಲಿ. ಉಳಿದವನು ನಾನು. ಬಾಂಧವ್ಯ ಬೆಳೆಸಲು ಪಕ್ಕದಲ್ಲಿರುವುದು ಪ್ಲಾಸ್ಟಿಕ್ ಗಿಡ.

ಈಗ ಮುಖ್ಯ ವಿಷಯ. ಸರ್ವೆಯ ಕೊನೆಯಲ್ಲಿ ಒಂದು ಖಾಲಿ ಡಬ್ಬಿ ಇತ್ತು. "ಬೇರೆ ಏನಾದರೂ ಹೇಳುವುದಿದೆಯೇ?" ನಾನು ಬರೆದೆ: ಮೂರನೇ ಮಹಡಿ ಟಾಯ್ಲೆಟ್ಟಿನ ಬಾಗಿಲಿಗೆ ಚಿಲಕ ಇಲ್ಲ.

ಎಂಟು ತಿಂಗಳಿಂದ ಇರಲಿಲ್ಲ. ಒಳಗೆ ಹೋದವರು ಒಂದು ಕಾಲು ಚಾಚಿ ಬಾಗಿಲು ಒತ್ತಿ ಹಿಡಿಯಬೇಕು. ಕುಳ್ಳಗಿರುವವರು ಹಾಡುತ್ತಾರೆ. ಟಿಕೆಟ್ ಹಾಕಿದ್ದೆವು. ಕಟ್ಟಡದವರು ಬಾಗಿಲು ನಮ್ಮದು, ಚಿಲಕ ನಿಮ್ಮದು ಅಂದರು. ಅಡ್ಮಿನ್‌ನವರು ಈ ತ್ರೈಮಾಸಿಕದ ಬಜೆಟ್ ಮುಗಿದಿದೆ ಅಂದರು. ಟಿಕೆಟ್ ತಾನಾಗೇ ಮುಚ್ಚಿಕೊಂಡಿತು, ಬಾಗಿಲು ಮುಚ್ಚಿಕೊಳ್ಳಲಿಲ್ಲ.

ಸರ್ವೆಯಲ್ಲಿ ಹದಿನಾಲ್ಕು ಜನ ಇದನ್ನೇ ಬರೆದಿದ್ದರಂತೆ. ಹೊರಗಿನಿಂದ ಬಂದ ಕನ್ಸಲ್ಟೆಂಟ್ ಅದನ್ನೆಲ್ಲ ಒಟ್ಟು ಮಾಡಿ ಸ್ಲೈಡ್ ಮಾಡಿದರು. "ಉದ್ಯೋಗಿಗಳಲ್ಲಿ ಸುರಕ್ಷತೆಯ ಭಾವನೆ ಕಡಿಮೆ. ಖಾಸಗಿತನದ ಆತಂಕ. ತೆರೆದ ಬಾಗಿಲಿನ ನೀತಿಯ ಬಗ್ಗೆ ಅಸಮಾಧಾನ." ಪರಿಹಾರ: ನಂಬಿಕೆ ಬೆಳೆಸುವ ಎರಡು ದಿನದ ಶಿಬಿರ, ಊಟ ಸೇರಿ. ದೇವನಹಳ್ಳಿ ಕಡೆ ಒಂದು ರೆಸಾರ್ಟಿನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಿಂದಕ್ಕೆ ಬಿದ್ದೆವು. ಹಿಡಿಯಬೇಕಾದವನಿಗೆ ಅದೇ ಹೊತ್ತಿಗೆ ಕ್ಲೈಂಟ್ ಫೋನ್ ಬಂತು. ನನ್ನ ಸೊಂಟ ಇವತ್ತಿಗೂ ಸರಿಯಿಲ್ಲ. ರೆಸಾರ್ಟಿನ ಟಾಯ್ಲೆಟ್ಟಿಗೆ ಚಿಲಕ ಇತ್ತು. ಕೆಲವರು ಸುಮ್ನೆ ಒಳಗೆ ಹೋಗಿ ಹಾಕಿ ತೆಗೆದು ಬಂದರು.

ಕೊನೆಗೆ ಆ ಶುಕ್ರವಾರ ಬಂತು. ಡಲ್ಲಾಸಿನಿಂದ ದೊಡ್ಡ ಬಾಸ್ ಖುದ್ದು ಬಂದಿದ್ದರು. ಬಾಗಿಲಿಗೆ ರಂಗೋಲಿ, ಹೆಗಲಿಗೆ ಹಳದಿ ಕೆಂಪು ಶಾಲು, ತಲೆಗೆ ಮೈಸೂರು ಪೇಟ. "ನಮಸ್ಕಾರಾ ಬ್ಯಾಂಗಲೋರ್" ಅಂದರು, ಚಪ್ಪಾಳೆ. ನಾವೆಲ್ಲ ಒಂದೇ ಕುಟುಂಬ ಅಂದರು. ಬದಲಾವಣೆಯನ್ನು ಅಪ್ಪಿಕೊಳ್ಳಿ, ಎಐ ನಿಮ್ಮ ಕೆಲಸ ಕಸಿಯುವುದಿಲ್ಲ ಅಂದರು. ಪಕ್ಕದಲ್ಲೇ ಇನ್ನೊಂದು ಸ್ಲೈಡ್: ನೀವು ದಿನಾ ಮಾಡುವ ಕೆಲಸವನ್ನೆಲ್ಲ ಹಂತ ಹಂತವಾಗಿ ಬರೆದು, ತಿಂಗಳ ಕೊನೆಯೊಳಗೆ ಎಐಗೆ ಕೊಡಿ. ಕುಟುಂಬದವರು ತಲೆ ಆಡಿಸಿದರು.

ಮೂರೂವರೆಗೆ ಅವರು ಎದ್ದು ಹೊರಗೆ ಹೋದರು. ಪೈಪಿನ ದುರಸ್ತಿ ಅಂತ ಅವತ್ತು ಐದನೇ ಮಹಡಿಯ ಟಾಯ್ಲೆಟ್ ಬಂದ್. ಮೂರನೇ ಮಹಡಿಗೇ ಹೋಗಬೇಕಿತ್ತು. ಒಳಗೆ ಏನಾಯಿತೋ ನೋಡಿದವರು ಯಾರೂ ಬಾಯಿ ಬಿಟ್ಟಿಲ್ಲ. ನೋಡಿದವರು ಇದ್ದರು ಅನ್ನುವುದು ಮಾತ್ರ ಖಚಿತ. ಪೇಟ ಕೈಯಲ್ಲಿ ಹಿಡಿದು, ಮುಖ ಕೆಂಪಗೆ ಮಾಡಿಕೊಂಡು ವಾಪಸ್ ಬಂದರು.

ನಾಲ್ಕೂ ಹತ್ತಕ್ಕೆ ಡ್ರಿಲ್ ಸದ್ದು ಕೇಳಿಸಿತು. ಬಡಗಿ ಬಂದದ್ದು ಕೆಳಗಿನ ಹಾರ್ಡ್‌ವೇರ್ ಅಂಗಡಿಯಿಂದ. ಚಿಲಕಕ್ಕೆ ಎಪ್ಪತ್ತು ರೂಪಾಯಿ, ಕೂಲಿ ನೂರೈವತ್ತು. ನಾಲ್ಕೂ ಇಪ್ಪತ್ತೈದಕ್ಕೆ ಪರದೆ ಮೇಲೆ ಹೊಸ ಸ್ಲೈಡ್ ಬಂತು: "ನೀವು ಹೇಳಿದಿರಿ. ನಾವು ಮಾಡಿದೆವು." ಕೆಳಗೆ ಚಿಲಕದ ಫೋಟೋ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಇಡೀ ವರ್ಷದಲ್ಲಿ ಮನಸ್ಸಿಟ್ಟು ಹೊಡೆದ ಚಪ್ಪಾಳೆ ಅದೊಂದೇ.

ಟೀ ಕೊಡುವ ಅಕ್ಕ ಹಿಂದೆ ಕಪ್ಪುಗಳನ್ನು ಜೋಡಿಸುತ್ತಿದ್ದರು. ಅವರು ಕಾಂಟ್ರಾಕ್ಟರ್ ಕಡೆಯವರು, ಸರ್ವೆಗೆ ಬರುವುದಿಲ್ಲ, ಕುಟುಂಬದ ಪಟ್ಟಿಯಲ್ಲೂ ಇಲ್ಲ. ಯಾರಿಗೆ ಸಕ್ಕರೆ ಬೇಡ, ಯಾರಿಗೆ ಡಬಲ್ ಸ್ಟ್ರಾಂಗ್, ಎಲ್ಲ ಗೊತ್ತು. "ಆ ಕಿಟಕಿ ಪಕ್ಕದ ಸಾರ್ ಬರ್ತಾನೇ ಇಲ್ವಲ್ಲ, ಹುಷಾರಾಗಿದಾರಾ?" ಅಂತ ಕೇಳಿದರು. ಮಾರ್ಚಿನಿಂದ ಆ ಮಹಡಿಯಲ್ಲಿ ಅವನನ್ನು ಕೇಳಿದವರು ಅವರೊಬ್ಬರೇ.

ಮನೆಗೆ ಹೋದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದರು. "ಏನ್ ಕೊಟ್ರೋ?" ಚೀಲದಿಂದ ಮಗ್ ತೆಗೆದುಕೊಟ್ಟೆ. ಬಿಳಿ ಮಗ್ಗು, ಮೇಲೆ ಕೆಂಪು ಅಕ್ಷರದಲ್ಲಿ "ನಾನು ಎಂಗೇಜ್ಡ್". ಅಮ್ಮ ತಿರುಗಿಸಿ ನೋಡಿ, ಬೆರಳಲ್ಲಿ ತಟ್ಟಿ, ಹಿಡಿ ಅಲ್ಲಾಡಿಸಿದರು. ಹಿಡಿ ಕೈಗೇ ಬಂತು.

"ನಿಶ್ಚಿತಾರ್ಥಕ್ಕೆ ಇಷ್ಟೇನಾ? ಇರ್ಲಿ ಬಿಡು" ಅಂದು ಅದಕ್ಕೆ ಮೂರು ಹಿಡಿ ಮಣ್ಣು ಹಾಕಿ ಕೊತ್ತಂಬರಿ ಬಿತ್ತಿದರು.